ತೋಟದ ಹಳ್ಳದಿಂದ ಮರ್ಫಿ ಟೌನಿನ ನಲ್ಲಿಯವರೆಗೆ

ನದಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಶಾಲೆಯ ಗೋಡೆಗೆ ತೂಗುಹಾಕಿದ್ದ ಭೂಪಟದ ನೀಲಿ ಗೆರೆ. ಮೇಷ್ಟರು ಕೋಲಿನಿಂದ ತೋರಿಸಿ, ಉಗಮ ಯಾವುದು, ಸಂಗಮ ಯಾವುದು, ಉಪನದಿಗಳು ಎಷ್ಟು ಎಂದು ಕೇಳುತ್ತಿದ್ದರು. ನಾವು ಬಾಯಿಪಾಠ ಒಪ್ಪಿಸಿ ಕೂತುಕೊಳ್ಳುತ್ತಿದ್ದೆವು. ಆದರೆ ಆ ನೀಲಿ ಗೆರೆ ಶುರುವಾಗುವ ಮೊದಲೂ ನದಿಗೆ ಒಂದು ಬಾಲ್ಯವಿದೆ. ಅದು ಕಳೆಯುವುದು ನಮ್ಮ ಕಾಫಿ ತೋಟದ ಇಳಿಜಾರಿನಲ್ಲಿ, ಅಡಿಕೆ ತೋಟದ ಬಸಿಗಾಲುವೆಯಲ್ಲಿ, ಪಹಣಿಯಲ್ಲಿ ಬರೀ 'ಖರಾಬು' ಎಂದು ಬರೆದು ಬಿಟ್ಟಿರುವ ಹಳ್ಳಗಳಲ್ಲಿ. ಹಾಗೆಯೇ ಭೂಪಟದ ಗೆರೆ ಮುಗಿದ ಮೇಲೂ, ಗೆರೆಯೇ ಇಲ್ಲದ ಕಡೆಗೂ, ನದಿ ಇಂದು ಕೊಳವೆಯೊಳಗೆ ಹರಿಯುತ್ತಿದೆ.

ನದಿಯ ಈ ಎರಡು ತುದಿಗಳನ್ನು ಜೋಡಿಸಿ ನೋಡಬೇಕೆಂಬ ಉದ್ದೇಶದಿಂದ ಈ ಲೇಖನ. ಒಂದು ತುದಿ ನಮ್ಮ ಸದಸ್ಯ ಬಾಂಧವರ ತೋಟ. ಇನ್ನೊಂದು ತುದಿಗೆ ಬೆಂಗಳೂರು ದಂಡು ಪ್ರದೇಶದ, ಹಲಸೂರು ಕೆರೆಯ ಪೂರ್ವಕ್ಕಿರುವ ಮರ್ಫಿ ಟೌನನ್ನು ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣವೇನೆಂಬುದು ಮುಂದೆ ತಿಳಿಯುತ್ತದೆ.

ನೀರು ಹಂಚುವ ದಿಣ್ಣೆಗಳು

ಸಕಲೇಶಪುರದಿಂದ ಬಿಸಿಲೆಯ ಕಡೆಗೆ ಹೋಗುವ ದಾರಿಯಲ್ಲಿ, ಮಂಕನಹಳ್ಳಿಯ ಬಳಿ, ಒಂದು ಹಳೆಯ ಕಲ್ಲಿದೆ. ಅದರ ಈ ಮಗ್ಗುಲಲ್ಲಿ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಆ ಮಗ್ಗುಲಲ್ಲಿ ಬಿದ್ದದ್ದು ಅರಬ್ಬೀ ಸಮುದ್ರಕ್ಕೆ ಎಂದು ಸೂಚಿಸುವ ಕಲ್ಲು ಅದು. ಎರಡು ಹನಿಗಳ ನಡುವೆ ಒಂದು ಮಾರು ಅಂತರವಿದ್ದರೆ ಸಾಕು, ಎರಡು ಸಮುದ್ರಗಳ ಪಾಲು.

ನಮ್ಮ ನಾಡಿನ ನದಿಗಳ ಭೂಗೋಳವೆಲ್ಲ ಇಂಥ ದಿಣ್ಣೆಗಳ ಕಥೆಯೇ. ಕುದುರೆಮುಖದ ಸೀಮೆಯ ವರಾಹ ಪರ್ವತದಲ್ಲಿರುವ ಗಂಗಾಮೂಲದಿಂದ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆಂದು ಪ್ರತೀತಿ. ನೇತ್ರಾವತಿ ಪಡುವಣಕ್ಕಿಳಿದು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ತುಂಗೆ ಶೃಂಗೇರಿ, ತೀರ್ಥಹಳ್ಳಿಗಳ ದಾರಿಯಲ್ಲಿ, ಭದ್ರೆ ಕಳಸ, ಬಾಳೆಹೊನ್ನೂರುಗಳ ದಾರಿಯಲ್ಲಿ ಹರಿದು ಶಿವಮೊಗ್ಗದ ಹತ್ತಿರದ ಕೂಡ್ಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ನಡೆಯುತ್ತಾರೆ.

ಭಾರತದ ಕಾಫಿಯ ತೊಟ್ಟಿಲೆನಿಸಿದ ಬಾಬಾಬುಡನ್‌ಗಿರಿಯನ್ನೇ ನೋಡಿ. ಅದರ ಒಂದು ಮೈಯ ನೀರು ಭದ್ರೆಗೆ ಹೋಗುತ್ತದೆ. ಇನ್ನೊಂದು ಮೈಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಸೇರಿ ವೇದಾವತಿಯಾಗಿ ಚಿತ್ರದುರ್ಗ ಸೀಮೆಯ ಮಾರಿಕಣಿವೆಯನ್ನು ತುಂಬುತ್ತವೆ. ಮತ್ತೊಂದು ಮಗ್ಗುಲ ಯಗಚಿ ಬೇಲೂರನ್ನು ಹಾದು ಹೇಮಾವತಿಯನ್ನು ಕೂಡುತ್ತದೆ. ಒಂದೇ ಗಿರಿಯ ಮಳೆ ಮಲೆನಾಡಿನ ಅಡಿಕೆಗೂ ಬಯಲುಸೀಮೆಯ ತೆಂಗಿಗೂ ಮಂಡ್ಯದ ಕಬ್ಬಿಗೂ ಹಂಚಿಕೆಯಾಗುತ್ತದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿದ ಹೇಮಾವತಿಯೂ, ಕೊಡಗಿನ ಹಾರಂಗಿ, ಲಕ್ಷ್ಮಣತೀರ್ಥಗಳೂ ಕಾವೇರಿಯನ್ನು ಸೇರಿಯೇ ಮುಂದೆ ಹೋಗುತ್ತವೆ. ಎಂದಮೇಲೆ ಕನ್ನಂಬಾಡಿ ಕಟ್ಟೆಯ ಹಿಂದೆ ನಿಲ್ಲುವ ನೀರಿನಲ್ಲಿ ಬಹುಪಾಲು ಕಾಫಿ ಗಿಡದ ನೆರಳಿನಿಂದ ಇಳಿದು ಬಂದದ್ದು.

ಇಲ್ಲಿ ಒಂದು ಲೆಕ್ಕ. ನಮ್ಮಲ್ಲಿ ಅನೇಕರು ಮಳೆಮಾಪಕ ಇಟ್ಟುಕೊಂಡು ಇಂಚು, ಸೆಂಟುಗಳಲ್ಲಿ ದಿನವಹಿ ಬರೆದಿಡುವವರು. ಒಂದು ಎಕರೆಯ ಮೇಲೆ ಒಂದು ಇಂಚು ಮಳೆಯಾದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಬಿತ್ತೆಂದು ಅರ್ಥ. ವರ್ಷಕ್ಕೆ ನೂರು ಇಂಚು ಮಳೆ ಬೀಳುವ ಊರಿನಲ್ಲಿ ಹತ್ತು ಎಕರೆ ಇಟ್ಟುಕೊಂಡ ಸಣ್ಣ ಬೆಳೆಗಾರನ ನೆಲದ ಮೇಲೆ ಹತ್ತು ಕೋಟಿ ಲೀಟರ್ ಬೀಳುತ್ತದೆ. ಅದರಲ್ಲಿ ಗಿಡಮರ ಕುಡಿದದ್ದು, ಆವಿಯಾದದ್ದು ಕಳೆದು ಉಳಿದದ್ದೆಲ್ಲ ಹಳ್ಳಕ್ಕೇ ಬರಬೇಕು. ಇಂದೇ ಕೆಂಪಾಗಿ ಧುಮುಕಿ ಬರುತ್ತದೆಯೋ, ಮಣ್ಣಿನಲ್ಲಿ ಇಂಗಿ ಮಾಘಮಾಸದಲ್ಲಿ ತಿಳಿಯಾಗಿ ಒಸರಿ ಬರುತ್ತದೆಯೋ ಎಂಬುದನ್ನು ತೋಟ ನಿರ್ಧರಿಸುತ್ತದೆ.

ತಾಯಿಯೆಂದು ಕರೆದ ನೀರು

ಭೂಗೋಳಕ್ಕಿಂತ ಮೊದಲೇ ನಮ್ಮವರು ನದಿಯನ್ನು ನಂಟಸ್ತಿಕೆಯಿಂದ ಅರಿತಿದ್ದರು. ಕಾವೇರಿ, ತುಂಗಾ, ಹೇಮಾವತಿ, ಶರಾವತಿ, ನೇತ್ರಾವತಿ ಎಂಬ ಹೆಸರಿನ ಅಜ್ಜಿ, ಅತ್ತೆ, ಸೊಸೆಯರಿಲ್ಲದ ಮನೆತನ ನಮ್ಮ ಸೀಮೆಯಲ್ಲಿ ವಿರಳ. 'ಗಂಗಾ ಸ್ನಾನ, ತುಂಗಾ ಪಾನ' ಎಂಬ ಗಾದೆಯಲ್ಲಿ ತುಂಗೆಯ ನೀರಿನ ರುಚಿಯ ಬಗ್ಗೆ ಇರುವ ಅಭಿಮಾನ ಸರ್ವವಿದಿತ.

ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವವಾಗುವ ಗಳಿಗೆಗೆ ಸಹಸ್ರಾರು ಜನ ಕಾದು ನಿಲ್ಲುತ್ತಾರೆ. ಕೊಡವರ ಮನೆಗಳಲ್ಲಿ ಸೌತೆಕಾಯಿಯನ್ನೋ ತೆಂಗಿನಕಾಯಿಯನ್ನೋ ಕೆಂಪು ರೇಷ್ಮೆಯಿಂದ, ಒಡವೆಗಳಿಂದ ಸಿಂಗರಿಸಿ ಕಾವೇರಮ್ಮನೆಂದು ಕಣಿಪೂಜೆ ನಡೆಸುತ್ತಾರೆ. ಮಳೆಗಾಲ ಮುಗಿದು, ಕಾಫಿ ಹಣ್ಣಾಗುವ ಮೊದಲು ಬರುವ ಈ ಹಬ್ಬ ಒಂದು ರೀತಿಯಲ್ಲಿ ನೀರಿನ ವರ್ಷಾಂತ್ಯ. ಕೆಳಗೆ ಕನ್ನಂಬಾಡಿ ತುಂಬಿದಾಗ ಬಾಗಿನ ಅರ್ಪಿಸುತ್ತಾರೆ. ಇನ್ನೂ ಕೆಳಗೆ ತಮಿಳುನಾಡಿನಲ್ಲಿ ಆಡಿ ತಿಂಗಳ ಹದಿನೆಂಟರಂದು ಹೊಸ ನೀರನ್ನು ಎದುರುಗೊಂಡು ಚಿತ್ರಾನ್ನ ಕಟ್ಟಿಕೊಂಡು ಹೊಳೆದಂಡೆಗೆ ಹೋಗುತ್ತಾರೆ. ಪುನರ್ವಸು, ಪುಷ್ಯ ಮಳೆಗಳಲ್ಲಿ ನಾವು ಕಂಬಳಿ ಹೊದ್ದು ಕೂತಿರುವಾಗ ಬಿದ್ದ ನೀರಿಗೆ ಅಲ್ಲಿ ಆರತಿ. ನ್ಯಾಯಾಲಯಗಳಲ್ಲಿ ಎಷ್ಟೇ ವಾದವಿದ್ದರೂ ಹಬ್ಬಗಳ ಲೆಕ್ಕದಲ್ಲಿ ಇದು ಒಂದೇ ಸಂಸಾರ.

ನದಿಯಿಲ್ಲದ ನಗರ

ಇನ್ನು ಬೆಂಗಳೂರಿಗೆ ಬರೋಣ. ದೊಡ್ಡ ಪಟ್ಟಣಗಳು ಸಾಮಾನ್ಯವಾಗಿ ನದಿಯ ದಡದಲ್ಲಿ ಬೆಳೆದಿವೆ. ಬೆಂಗಳೂರಿನದು ಬೇರೆ ದಾರಿ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮಿಕ್ಕ ಎತ್ತರದಲ್ಲಿ ಅದು ಕೂತಿರುವುದು ಒಂದು ದಿಣ್ಣೆಯ ಮೇಲೆ, ಮಂಕನಹಳ್ಳಿಯ ಕಲ್ಲಿನಂಥದೇ ಜಲವಿಭಾಜಕದ ಮೇಲೆ. ಊರಿನ ಪಶ್ಚಿಮದ ನೀರು ವೃಷಭಾವತಿಯಾಗಿ ಅರ್ಕಾವತಿಯನ್ನು ಸೇರಿ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಪೂರ್ವದ ನೀರಿಗೆ ಕಾವೇರಿಯ ನಂಟಿಲ್ಲ. ಹಲಸೂರು ಕೆರೆಯ ಕೋಡಿಯ ನೀರು ದೊಮ್ಮಲೂರು, ಚಲ್ಲಘಟ್ಟದ ಕಡೆಯಿಂದ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ನಂದಿಯ ಸೀಮೆಯಲ್ಲಿ ಹುಟ್ಟಿ ಬರುವ ದಕ್ಷಿಣ ಪಿನಾಕಿನಿಗೆ. ಈ ಪಿನಾಕಿನಿ ಹೊಸೂರು, ಕೃಷ್ಣಗಿರಿಗಳ ಕಡೆಯಿಂದ ಸಾಗಿ ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ಮರ್ಫಿ ಟೌನು ಇರುವುದು ಈ ಪಿನಾಕಿನಿಯ ಇಳಿಜಾರಿನಲ್ಲಿ.

ನದಿಯಿಲ್ಲದ ಊರು ಕೆರೆ ಕಟ್ಟಿ ಬದುಕಿತು. 1809ರಲ್ಲಿ ಆಂಗ್ಲರ ದಂಡು ಬಂದು ನೆಲೆಸಿದ ಮೇಲೆ ಹಲಸೂರು ಕೆರೆಯ ಮೇಲೆ ಭಾರ ಹೆಚ್ಚಾಯಿತು. ದಂಡಿನ ನೀರಿಗಾಗಿ 1882ರಲ್ಲಿ ಕರ್ನಲ್ ಸ್ಯಾಂಕಿ ಒಂದು ಕೆರೆ ಕಟ್ಟಿಸಿದರು. ಅದೂ ಸಾಲದೆ 1890ರ ದಶಕದಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರನ್ನು ತಂದರು. 1933ರಲ್ಲಿ ಅರ್ಕಾವತಿ ಮತ್ತು ಕುಮುದ್ವತಿ ಕೂಡುವೆಡೆ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು.

ವಿಚಿತ್ರವೆಂದರೆ ಕಾವೇರಿ ಬೆಂಗಳೂರಿಗೆ ಮೊದಲು ಬಂದದ್ದು ಬೆಳಕಾಗಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ತಲುಪಿತು. ಕುಡಿಯುವ ನೀರಾಗಿ ಬರಲು 1974ರವರೆಗೆ ಕಾಯಬೇಕಾಯಿತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿ ಮಾಡಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ, ಸುಮಾರು ನೂರು ಕಿಲೋಮೀಟರು ದೂರ, ಸುಮಾರು ಐನೂರು ಮೀಟರು ಎತ್ತರಕ್ಕೆ ಏರಿಸಿ ಆ ನೀರನ್ನು ತರುತ್ತಾರೆ. ಬೆಟ್ಟದಿಂದ ತಾನಾಗಿ ಇಳಿದ ನೀರು ಯಂತ್ರದ ಬಲದಿಂದ ಮತ್ತೆ ಬೆಟ್ಟ ಹತ್ತುತ್ತದೆ. ಮೊದಲ ಹಂತದಲ್ಲಿ ದಿನಕ್ಕೆ 13.5 ಕೋಟಿ ಲೀಟರ್. ನಾವು ಮೇಲೆ ಹೇಳಿದ ಹತ್ತು ಎಕರೆಯ ವರ್ಷದ ಮಳೆಯೆಲ್ಲ ಒಟ್ಟಾದರೂ ಆ ಹಂತದ ಒಂದು ದಿನಕ್ಕೆ ಸಾಲದು. 1982, 1993, 2002, 2012ರಲ್ಲಿ ಮುಂದಿನ ಹಂತಗಳು ಬಂದವು. ದಿನಕ್ಕೆ 77.5 ಕೋಟಿ ಲೀಟರಿನ ಐದನೆಯ ಹಂತಕ್ಕೆ ಚಾಲನೆ ದೊರೆತದ್ದು 2024ರ ಅಕ್ಟೋಬರ್ 16ರಂದು. ಮರುದಿನವೇ ತಲಕಾವೇರಿಯಲ್ಲಿ ತೀರ್ಥೋದ್ಭವ.

ದಿಣ್ಣೆ ದಾಟಿದ ಕಾವೇರಿ

ಸಂಘದ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ನಾವು ಮರ್ಫಿ ಟೌನಿನ ನೆಂಟರ ಮನೆಯಲ್ಲಿ ಉಳಿಯುವುದು ವಾಡಿಕೆ. 'ನಿಮ್ಮ ಕಡೆ ಮಳೆ ಹೇಗಿದೆ ಅಣ್ಣಾ?' ಎಂದು ಕಾಫಿ ಲೋಟ ಕೊಡುತ್ತಾ ಮನೆಯಾಕೆ ಕೇಳುವುದೂ ವಾಡಿಕೆ. ಮೊದಲೆಲ್ಲ ಅದು ಕುಶಲೋಪರಿಯ ಮಾತಾಗಿತ್ತು. 2023ರ ಮುಂಗಾರು ಕೈಕೊಟ್ಟು 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಬೀದಿ ಬೀದಿಯಲ್ಲಿ ಟ್ಯಾಂಕರು ಕಾಯುವ ಕಾಲ ಬಂದಾಗ, ಅದೇ ಪ್ರಶ್ನೆಯ ಧ್ವನಿ ಬೇರೆಯಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ ಬಿಂದಿಗೆ, ಬಕೀಟು, ಡ್ರಮ್ಮುಗಳನ್ನು ಸಾಲಾಗಿ ತುಂಬಿಟ್ಟಿದ್ದರು. ನಮ್ಮ ಕಡೆಯ ಹೂಮಳೆಯ ಸುದ್ದಿಗೆ ಆ ಮನೆಯವರು ನಮ್ಮಷ್ಟೇ ಕಾತರದಿಂದ ಕಿವಿಗೊಟ್ಟರು.

ಮರ್ಫಿ ಟೌನನ್ನು ಆರಿಸಿಕೊಂಡ ಕಾರಣ ಇಲ್ಲಿದೆ. ಆ ಮನೆಯ ನಲ್ಲಿಯಲ್ಲಿ ಬರುವುದು ಕಾವೇರಿ. ಅದೇ ಮನೆಯ ಬಚ್ಚಲಿನಿಂದ ಹೊರಟ ನೀರು ಮಾತ್ರ ಮರಳಿ ಕಾವೇರಿಗೆ ಹೋಗುವುದಿಲ್ಲ. ಇಳಿಜಾರಿನ ನಿಯಮದಂತೆ ಅದು ಬೆಳ್ಳಂದೂರಿನ ದಾರಿ ಹಿಡಿದು ಪಿನಾಕಿನಿಯ ಪಾಲಾಗುತ್ತದೆ. ದೇವರು ಹಾಕಿದ ದಿಣ್ಣೆಯನ್ನು ಮನುಷ್ಯ ಕೊಳವೆಯಿಂದ ದಾಟಿದ್ದಾನೆ. ಕೊಡಗಿನಲ್ಲೋ ಸಕಲೇಶಪುರದಲ್ಲೋ ಬಿದ್ದ ಹನಿ ಪೂಂಪುಹಾರಿನಲ್ಲಿ ಕಡಲು ಸೇರುವ ಬದಲು ಕಡಲೂರಿನಲ್ಲಿ ಸೇರುತ್ತದೆ.

ಇದು ಬರೀ ಕುತೂಹಲದ ಸಂಗತಿಯಲ್ಲ. 2007ರ ತೀರ್ಪಿನಲ್ಲಿ ಕಾವೇರಿ ನ್ಯಾಯಮಂಡಳಿಯು ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಜಲಾನಯನದೊಳಗಿದೆ ಎಂಬ ಆಧಾರದ ಮೇಲೆ ಕುಡಿಯುವ ನೀರಿನ ಲೆಕ್ಕ ಹಾಕಿತು. ಹಲಸೂರು, ಮರ್ಫಿ ಟೌನು, ಇಂದಿರಾನಗರಗಳಂಥ ಪೂರ್ವದ ಬಡಾವಣೆಗಳು ಆ ಗೆರೆಯ ಹೊರಗಾದವು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ಈ ನಿಲುವನ್ನು ಬದಲಿಸಿ, ಕುಡಿಯುವ ನೀರಿಗೆ ಮೊದಲ ಸ್ಥಾನವೆಂದು ಹೇಳಿ, ಇಡೀ ಬೆಂಗಳೂರನ್ನು ಗಣನೆಗೆ ತೆಗೆದುಕೊಂಡು ನಗರಕ್ಕಾಗಿ 4.75 ಟಿ.ಎಂ.ಸಿ. ಹೆಚ್ಚುವರಿ ನೀರು ಕೊಟ್ಟಿತು. ರಾಜ್ಯದ ಒಟ್ಟು ಪಾಲು 284.75 ಟಿ.ಎಂ.ಸಿ. ಆಯಿತು. ಬಾಯಾರಿದವನ ಮನೆ ದಿಣ್ಣೆಯ ಯಾವ ಮಗ್ಗುಲಲ್ಲಿದೆ ಎಂದು ಕೇಳಬಾರದೆಂಬ ನ್ಯಾಯ ಅದು. ನಮಗೆ ಅದು ಸರಿಯೆಂದೇ ತೋರುತ್ತದೆ.

ಆದರೆ ನೀರು ಪಡೆದವರ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. ಬೆಳ್ಳಂದೂರು ಕೆರೆಯಲ್ಲಿ ಆಳೆತ್ತರದ ನೊರೆ ಎದ್ದು ರಸ್ತೆಗೆ ಹಾರಿದ್ದನ್ನೂ, 2015ರಿಂದ 2018ರ ನಡುವೆ ಕೆರೆಯ ಮೇಲೆಯೇ ಪದೇ ಪದೇ ಬೆಂಕಿ ಹತ್ತಿಕೊಂಡದ್ದನ್ನೂ ಪತ್ರಿಕೆಗಳಲ್ಲಿ ಕಂಡೆವು. ಕುಂಡಿಕೆಯಲ್ಲಿ ಕೈಮುಗಿದು ಬೊಗಸೆಗೆ ತೆಗೆದುಕೊಂಡ ನೀರೇ ಅದು ಎಂದರೆ ನಂಬುವುದು ಕಷ್ಟ.

ಇನ್ನೊಂದು ಮಗ್ಗುಲೂ ಇದೆ. 2018ರ ಜೂನ್‌ನಿಂದ ಈ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ದಿನಕ್ಕೆ 44 ಕೋಟಿ ಲೀಟರಿನ ಯೋಜನೆ ಅದು. ಮೂರನೆಯ ಹಂತದ ಸಂಸ್ಕರಣೆಯೂ ಆಗಬೇಕೆಂದು ಅಲ್ಲಿಯ ಜನ ಕೇಳುತ್ತಾ ಬಂದಿದ್ದಾರೆ, ಆ ಬೇಡಿಕೆ ನ್ಯಾಯವಾದದ್ದೇ. ಆದರೂ ಸಾವಿರಾರು ಅಡಿ ಕೊರೆದರೂ ನೀರು ಸಿಗದಿದ್ದ ಸೀಮೆಯಲ್ಲಿ ಬತ್ತಿದ್ದ ಕೆರೆಗಳು ತುಂಬಿದವು, ಸುತ್ತಲಿನ ಬಾವಿಗಳಿಗೆ ಜೀವ ಬಂತು. ಮಲೆನಾಡಿನ ಮಳೆ ಮರ್ಫಿ ಟೌನಿನ ಅಡುಗೆಮನೆಯನ್ನು ಹಾದು ಕೋಲಾರದ ಟೊಮೆಟೊ, ಹಿಪ್ಪುನೇರಳೆ ತೋಟಗಳ ನೆಲಕ್ಕೆ ಇಂಗುತ್ತಿದೆ. ಇದನ್ನು ಯಾವ ಶಾಲೆಯ ಭೂಪಟವೂ ತೋರಿಸಿರಲಿಲ್ಲ.

ನಮ್ಮ ಪಾಲಿನ ಕೆಲಸ

ಇಷ್ಟನ್ನು ತಿಳಿದ ಮೇಲೆ ಬೆಳೆಗಾರರಾದ ನಾವು ಮಾಡಬೇಕಾದ್ದೇನು? ಪಟ್ಟಣದವರ ನೊರೆಯನ್ನು ಟೀಕಿಸುವ ಮೊದಲು ನಮ್ಮ ಹಳ್ಳದ ಕಡೆ ಒಮ್ಮೆ ನೋಡಿಬರುವುದು ಉಚಿತ.

ಮೊದಲನೆಯದು ಪಲ್ಪರ್ ನೀರು. ಹಣ್ಣು ಸುಲಿದು ಬೀಜ ತೊಳೆದ ನೀರಿನಲ್ಲಿ ಸಿಹಿ ಅಂಶ ಹುಳಿತು ಆಮ್ಲವಾಗುತ್ತದೆ, ಹಳ್ಳದ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಮೀನು ತೇಲುತ್ತದೆ, ದನ ಮೂಸಿ ಹಿಂದಿರುಗುತ್ತದೆ. ಕೊಯ್ಲು ನಡೆಯುವುದೂ ಹಳ್ಳ ಸೊರಗುವುದೂ ಒಂದೇ ಕಾಲವಾದ್ದರಿಂದ ಹಾನಿ ಇಮ್ಮಡಿ. ಈ ನೀರನ್ನು ಹಳ್ಳಕ್ಕೆ ಬಿಡದೆ ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತಗ್ಗಿಸಬೇಕು. ಕಡಿಮೆ ನೀರು ಬಳಸುವ ಪಲ್ಪರ್‌ಗಳು ಬಂದಿವೆ. ಒಬ್ಬರಿಗೆ ಭಾರವಾದರೆ ನಾಲ್ಕಾರು ಸಣ್ಣ ಬೆಳೆಗಾರರು ಕೂಡಿ ಒಂದನ್ನು ಇಟ್ಟುಕೊಳ್ಳಬಹುದು. ಸಹಕಾರ ತತ್ವ ಇರುವುದೇ ಇದಕ್ಕೆ.

ಎರಡನೆಯದು ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ಇದು ಬಿಟ್ಟರೆ ಗತಿಯಿಲ್ಲವೆಂಬುದು ಅಡಿಕೆ ಬೆಳೆದವರಿಗೆಲ್ಲ ಗೊತ್ತು. ಆದರೆ ಮೈಲುತುತ್ತ ಕದಡಿದ ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿ ಅದ್ದಿ ತೊಳೆಯಬಾರದು. ತಾಮ್ರ ಮೀನಿಗೆ ವಿಷ. ತೊಳೆದ ನೀರನ್ನು ತೋಟದೊಳಗೇ, ಹಳ್ಳದಿಂದ ದೂರದಲ್ಲಿ ಚೆಲ್ಲಬೇಕು.

ಮೂರನೆಯದು ನೆರಳು ಮತ್ತು ಮಣ್ಣು. ಅತ್ತಿ, ಹಲಸು, ನಂದಿ, ಬಿಲ್ವಾರಗಳ ಮಿಶ್ರ ನೆರಳು ಮಳೆಯ ಏಟನ್ನು ತಡೆಯುತ್ತದೆ, ಅದರ ದರಗು ನೀರನ್ನು ಹಿಡಿದಿಡುತ್ತದೆ. ಮರಗಸಿ ಮಾಡುವಾಗ ಅಗತ್ಯವಿದ್ದಷ್ಟೇ ಬೆಳಕು ಬಿಟ್ಟುಕೊಂಡರೆ ಸಾಕು. ಇಳಿಜಾರಿಗೆ ಅಡ್ಡವಾಗಿ ತೊಟ್ಟಿಲುಗುಂಡಿ ತೆಗೆಯುವ ಹಳೆಯ ಪದ್ಧತಿಯನ್ನು ಕೂಲಿ ದುಬಾರಿಯೆಂದು ಕೈಬಿಟ್ಟವರು ಮತ್ತೆ ಯೋಚಿಸಲಿ. ಹಳ್ಳದ ಎರಡೂ ಅಂಚಿನಲ್ಲಿ ನಾಲ್ಕಾರು ಮಾರು ಜಾಗದಲ್ಲಿ ಹೊಳೆಮತ್ತಿ, ನೇರಳೆ, ಹೊಂಗೆಗಳನ್ನು ನಿಲ್ಲಗೊಟ್ಟು, ಆ ಪಟ್ಟಿಗೆ ಕಳೆನಾಶಕ ತಾಗದಂತೆ ನೋಡಿಕೊಳ್ಳಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನೂ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿದದ್ದನ್ನೂ ಕಂಡ ಮೇಲೆ ಕಡಿದಾದ ಗುಡ್ಡಕ್ಕೆ ಜೆ.ಸಿ.ಬಿ. ಹಚ್ಚುವ ಮೊದಲು ಹತ್ತು ಬಾರಿ ಆಲೋಚಿಸಬೇಕು.

ನಾಲ್ಕನೆಯದು ಗದ್ದೆ. ಇದು ಹಲವರಿಗೆ ರುಚಿಸದ ಮಾತು. ಭತ್ತದಿಂದ ಹೊಟ್ಟೆ ತುಂಬುವುದಿಲ್ಲ, ಅಡಿಕೆಯಿಂದ ಸಾಲ ತೀರುತ್ತದೆ. ಆದ್ದರಿಂದ ಗದ್ದೆಗಳು ತೋಟವಾಗುತ್ತಾ ಹೋದವು. ಬದು ಕಟ್ಟಿ ನೀರು ನಿಲ್ಲಿಸುತ್ತಿದ್ದ ಗದ್ದೆಬಯಲು ಮಳೆಗಾಲವಿಡೀ ನೀರನ್ನು ನೆಲಕ್ಕಿಳಿಸುತ್ತಿತ್ತು. ಬಸಿಗಾಲುವೆ ತೋಡಿದ ಅಡಿಕೆ ತೋಟ ಅದೇ ನೀರನ್ನು ಬೇಗ ಹೊರಹಾಕುತ್ತದೆ. ಆಮೇಲೆ ಫೆಬ್ರವರಿ, ಮಾರ್ಚಿಯಲ್ಲಿ ಹೂ ಅರಳಿಸಲು ಮೇಲಿನವರೂ ಕೆಳಗಿನವರೂ ಒಟ್ಟಿಗೇ ಹಳ್ಳಕ್ಕೆ ಪಂಪು ಹಚ್ಚಿದರೆ ಜಗಳ ಖಂಡಿತ. ಉಳಿದ ಗದ್ದೆಗಳನ್ನಾದರೂ ಉಳಿಸಿಕೊಳ್ಳೋಣ. ತೋಟ ಮಾಡಿದವರು ತಮ್ಮ ಜಾಗದಲ್ಲಿ ಮಳೆನೀರಿಗೆ ಒಂದು ಕೆರೆ ತೆಗೆಯಲಿ. ಸ್ಪ್ರಿಂಕ್ಲರ್ ಹಾಕುವ ಸರದಿಯನ್ನು ಹಳ್ಳದ ಇಕ್ಕೆಲದವರು ಕೂತು ಮೊದಲೇ ಗೊತ್ತು ಮಾಡಿಕೊಳ್ಳಲಿ.

ಕೇಳುವ ಹಕ್ಕು

ಇಷ್ಟು ಮಾಡಿದ ಬೆಳೆಗಾರನಿಗೆ ಕೇಳುವ ಹಕ್ಕೂ ಇದೆ. ಪಟ್ಟಣ ನೀರು ಏರಿಸುವ ವಿದ್ಯುತ್ತಿಗೆ ಹಣ ಕೊಡುತ್ತದೆ, ಕೊಳವೆಗೆ ಕೊಡುತ್ತದೆ. ನೀರನ್ನು ಹಿಡಿದಿಟ್ಟು ಬಿಡುವ ಗುಡ್ಡದ ನೆರಳಿಗೆ, ಅದನ್ನು ಕಾಪಾಡಿದ ಸಣ್ಣ ಹಿಡುವಳಿದಾರನಿಗೆ ನೀರಿನ ಬಿಲ್ಲಿನಿಂದ ಏನೂ ಬರುವುದಿಲ್ಲ. ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ, 2024ರ ಜುಲೈ ಕೊನೆಗೆ ಆರನೆಯ ಬಾರಿ ಹೊರಬಿದ್ದಾಗ ನಮ್ಮ ಹಳ್ಳಿಗಳಲ್ಲಿ ಎದ್ದ ಆತಂಕಕ್ಕೆ ಒಂದು ಮೂಲ ಇಲ್ಲಿದೆ. ಮಾಡಬಾರದ್ದರ ಪಟ್ಟಿ ಉದ್ದವಾಗಿ ಬರುತ್ತದೆ. ಮಾಡಿದ್ದಕ್ಕೆ ಮನ್ನಣೆಯ ಮಾತು ಕಡಿಮೆ. ನೆರಳಿನ ಮರ ಉಳಿಸಿದವರಿಗೆ, ಗದ್ದೆ ಬಿಡದವರಿಗೆ, ಪಲ್ಪರ್ ನೀರನ್ನು ಶುದ್ಧಿ ಮಾಡುವವರಿಗೆ ನೆರವು ಸಿಗಬೇಕೆಂಬ ಬೇಡಿಕೆಯನ್ನು ನಾವು ಸಂಕೋಚವಿಲ್ಲದೆ ಮುಂದಿಡಬಹುದು. ಹಳ್ಳ ತಿಳಿಯಾಗಿದ್ದರೆ ಆ ಬೇಡಿಕೆಗೆ ಬಲ ಹೆಚ್ಚು.

ಕೊನೆಯದಾಗಿ ಒಂದು ವಿನಂತಿ. ಮುಂದಿನ ಸರ್ವಸದಸ್ಯರ ಸಭೆಗೆ ಬರುವಾಗ ಪ್ರತಿಯೊಬ್ಬ ಸದಸ್ಯರೂ ಒಂದು ಚೀಟಿಯಲ್ಲಿ ಎರಡು ಸಂಗತಿ ಬರೆದು ತರಬೇಕು. ತಮ್ಮ ತೋಟದ ಹಳ್ಳಕ್ಕೆ ಹಿರಿಯರು ಕರೆಯುತ್ತಿದ್ದ ಹೆಸರೇನು, ಅದು ಮುಂದೆ ಯಾವ ಹೊಳೆಯನ್ನು ಸೇರುತ್ತದೆ. ಹೆಸರು ಗೊತ್ತಿಲ್ಲದವರು ಮನೆಯ ಅಜ್ಜ, ಅಜ್ಜಿಯರನ್ನು ಕೇಳಲಿ. ಅವರೊಂದಿಗೇ ಆ ಹೆಸರುಗಳು ಮರೆಯಾಗುವ ಮುನ್ನ ಕೇಳಲಿ. ವರ್ಷವರ್ಷದ ಮಳೆಯ ಲೆಕ್ಕ ಇಟ್ಟವರು ಆ ಪುಸ್ತಕವನ್ನೂ ತರಲಿ. ಎಲ್ಲವನ್ನೂ ಸೇರಿಸಿ ಒಂದು ನಕ್ಷೆ ಬರೆಸಿ ಸಂಘದ ಕಚೇರಿಯ ಗೋಡೆಗೆ ಹಾಕುವುದೆಂದು ಯೋಚಿಸಿದ್ದೇವೆ. ಅದರ ಮೇಲ್ತುದಿಯಲ್ಲಿ ನಮ್ಮ ಹಳ್ಳಗಳಿರುತ್ತವೆ. ಕೆಳತುದಿಯಲ್ಲಿ ಕಡಲಿನ ಜೊತೆಗೆ ಮರ್ಫಿ ಟೌನಿನ ಹೆಸರನ್ನೂ ಕೋಲಾರದ ಕೆರೆಗಳ ಹೆಸರನ್ನೂ ಬರೆಸುತ್ತೇವೆ.